ಮೂರು ಪಟ್ಟಿನ ಲೆಕ್ಕ, ಡಿಸೆಂಬರಿನ ರಜೆ

ಪತ್ರ: ಮ್ಯಾಂಚೆಸ್ಟರಿನಲ್ಲಿರುವ ನನ್ನ ತಮ್ಮನಿಗೆ 34 ವರ್ಷ. ಸಿಗರೇಟು ಮುಟ್ಟಿದವನೇ ಅಲ್ಲ. ಈಗ ಒಂದು ವರ್ಷದಿಂದ ವೇಪ್ (ಇ-ಸಿಗರೇಟು) ಎಳೆಯುತ್ತಿದ್ದಾನೆ. ಹೀಗೆ ಶುರುಮಾಡಿದವರು ಸಿಗರೇಟಿಗೆ ಹೋಗುವ ಸಂಭವ ಮೂರು ಪಟ್ಟು ಎಂದು ಓದಿದೆ. ನಿಜವೇ? ಡಿಸೆಂಬರಿಗೆ ಊರಿಗೆ ಬರುತ್ತಾನೆ.
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಲೆಕ್ಕ ಸುಳ್ಳಲ್ಲ, ಆದರೆ ಅದು ನಿಮ್ಮ ತಮ್ಮನ ವಯಸ್ಸಿನವರದ್ದಲ್ಲ. ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಸಿಗರೇಟು ಮುಟ್ಟದೆ ವೇಪ್ ರುಚಿ ನೋಡಿದ್ದವರಲ್ಲಿ ಶೇ 30ರಷ್ಟು ಮಂದಿ ಆಮೇಲೆ ಸಿಗರೇಟು ಸೇದಿದ್ದರು. ವೇಪ್ ರುಚಿ ನೋಡದವರಲ್ಲಿ ಶೇ 8ರಷ್ಟು. ಎಲ್ಲರೂ 14ರಿಂದ 30ರೊಳಗಿನವರು. ಇನ್ನು 'ಸೇದಿದ್ದರು' ಎಂದರೆ ಒಂದು ದಮ್ ಎಳೆದರೂ ಸೈ. ದಿನಕ್ಕೊಂದು ಪ್ಯಾಕು ಮುಗಿಸುವವನೂ, ಮದುವೆಮನೆ ಹಿತ್ತಲಲ್ಲಿ ಗೆಳೆಯನ ಕೈಯಿಂದ ಇಸಕೊಂಡು ಕೆಮ್ಮಿದವನೂ ಒಂದೇ ಪಂಕ್ತಿ. ಅಲ್ಲದೆ ಅಂಥವರನ್ನು ವೇಪಿನ ಕಡೆ ಎಳೆದ ಸಹವಾಸವೇ ಸಿಗರೇಟಿನ ಕಡೆಗೂ ಎಳೆದಿರಬಹುದು. ಅಮೆರಿಕದ ಹೈಸ್ಕೂಲುಗಳಲ್ಲಿ 2011ರಿಂದ 2019ರೊಳಗೆ ವೇಪ್ ಶೇ 1.5ರಿಂದ 27.5ಕ್ಕೆ ಏರಿತು, ಅದೇ ಅವಧಿಯಲ್ಲಿ ಸಿಗರೇಟು ಏರುವ ಬದಲು ಶೇ 15.8ರಿಂದ 5.8ಕ್ಕೆ ಇಳಿಯಿತು. ಮೂವತ್ತು ದಾಟಿದ ಮೇಲೆ ಹೊಸದಾಗಿ ಸಿಗರೇಟು ಹಿಡಿಯುವವರಂತೂ ಅಪರೂಪ.

ಹಾಗೆಂದು ನಿಶ್ಚಿಂತರಾಗಿರಿ ಎನ್ನಲಾರೆವು. ಬ್ರಿಟನ್ನಿನಲ್ಲಿ ವೇಪಿನ ದ್ರವವನ್ನು ಮಿಲಿಲೀಟರಿಗೆ 20 ಮಿ.ಗ್ರಾಂ ನಿಕೋಟಿನ್‌ವರೆಗೆ ಮಾರಬಹುದು, ದ್ರವ ತುಂಬುವ ಟ್ಯಾಂಕು 2 ಮಿ.ಲೀ. ಒಂದು ಟ್ಯಾಂಕಿನಲ್ಲಿ 40 ಮಿ.ಗ್ರಾಂ! ಅಷ್ಟೂ ಮೈಗೆ ಹತ್ತುವುದಿಲ್ಲ, ನಿಜ. ಆದರೂ ಒಂದು ಸಿಗರೇಟಿನಿಂದ ಒಳಸೇರುವುದು ಒಂದೆರಡು ಮಿ.ಗ್ರಾಂ ಮಾತ್ರ. 'ನಿಕ್ ಸಾಲ್ಟ್' ಎಂದಿರುವ ದ್ರವಕ್ಕೆ ಆಮ್ಲ ಬೆರೆತಿರುವುದರಿಂದ ಗಂಟಲು ಉರಿಯದು. ಅಭ್ಯಾಸವಿಲ್ಲದವನಿಗೂ ಸಲೀಸಾಗಿ ಇಳಿಯುತ್ತದೆ.

ನಮಗೆ ಅಳುಕಿರುವುದು ಆ ಡಿಸೆಂಬರಿನದೇ. 2019ರ ಕಾಯ್ದೆಯಂತೆ ಇಲ್ಲಿ ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನು ಎಲ್ಲ ಅಪರಾಧ, ಬ್ಯಾಗಿನಲ್ಲಿ ತರುವ ಯೋಚನೆ ಬೇಡ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದಕ್ಕೂ ನಿಷೇಧವಿದೆ. ಆದರೆ ಬೀಡಾ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ, ಆ ನಿಷೇಧದ ಗತಿ ಗೊತ್ತಾಗುತ್ತದೆ. ನಿಕೋಟಿನ್ ತಪ್ಪಿದ ಎರಡನೇ, ಮೂರನೇ ದಿನ ಸಿಡುಕು, ಚಡಪಡಿಕೆ ಜೋರು. ಆ ಹೊತ್ತಿಗೆ ಕೈಗೆ ಸಿಗುವುದು ಸಿಗರೇಟೊಂದೇ.

ಈಗಲೇ ಫೋನು ಮಾಡಿ ಎರಡು ಸಂಗತಿ ಕೇಳಿ: ಎದ್ದು ಎಷ್ಟು ಹೊತ್ತಿಗೆ ಮೊದಲ ದಮ್? ಬಾಟಲಿಯ ಮೇಲೆ ಎಷ್ಟು ಮಿ.ಗ್ರಾಂ ಎಂದಿದೆ? ಎದ್ದ ಅರ್ಧ ಗಂಟೆಯೊಳಗೆ ಬೇಕೆನಿಸಿದರೆ ಚಟ ಹತ್ತಿದೆ ಎಂದೇ ತಿಳಿಯಿರಿ. 20ರಿಂದ 10, 6, 3 ಎಂದು ಎರಡು ಮೂರು ವಾರಕ್ಕೊಮ್ಮೆ ಇಳಿಸಲಿ. ಇಳಿಸಿದ ಮೇಲೆ ಮೊದಲಿಗಿಂತ ಹೆಚ್ಚು ಸಲ ಎಳೆಯುತ್ತಿದ್ದರೆ ಅವಸರವಾಯಿತು. ಹಿಂದಿನ ಹಂತಕ್ಕೇ ಹೋಗಿ ಇನ್ನೊಂದಿಷ್ಟು ದಿನ ನಿಲ್ಲಲಿ.

ಇಲ್ಲಿಗೆ ಬಂದ ಮೇಲೂ ತಡೆಯಲಾಗದಿದ್ದರೆ ಔಷಧದಂಗಡಿಯಲ್ಲಿ 2 ಮಿ.ಗ್ರಾಂನ ನಿಕೋಟಿನ್ ಗಮ್ ಸಿಗುತ್ತದೆ. ನಾಲಿಗೆಗೆ ಖಾರ ಹತ್ತುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಒಂದು ತುಂಡಿಗೆ ಅರ್ಧ ಗಂಟೆ. ಬಬಲ್‌ಗಮ್ಮಿನಂತೆ ಜಗಿದರೆ ರಸವೆಲ್ಲ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ. ಕಾಫಿ ಕುಡಿದು ಕಾಲು ಗಂಟೆಯಾಗುವವರೆಗೆ ಬಾಯಿಗೆ ಹಾಕಿಕೊಳ್ಳಬಾರದು, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳದು. ಮಲೆನಾಡಿನ ಮನೆಯಲ್ಲಿ ಈ ಕೊನೆಯ ಪಥ್ಯವೇ ಕಷ್ಟದ್ದು.