ಓದುಗರ ಪ್ರಶ್ನೆ, ನಮ್ಮ ಉತ್ತರ: ಆರಾಧನೆಗೆ ಕರೆಯಲು ಬಾಯಿ ಬರುವುದಿಲ್ಲವೇಕೆ?

ಪ್ರಶ್ನೆ: ದಾವಣಗೆರೆಯ ಹಳೆಯ ಕ್ರೈಸ್ತ ಸಭೆಯೊಂದರಲ್ಲಿ ನಾನು ಸಭಾಹಿರಿಯ. ಕಳೆದ ಕ್ರಿಸ್ಮಸ್ಸಿಗೆ ಮುನ್ನ ಐದುನೂರು ಕರೆಯೋಲೆಗಳನ್ನು ಅಚ್ಚು ಹಾಕಿಸಿ ಸಭೆಯ ಪ್ರತಿ ಕುಟುಂಬಕ್ಕೂ ಹಂಚಿದೆವು. ನೆರೆಹೊರೆಯವರನ್ನು ಕರೆತನ್ನಿರೆಂದು ಸಭಾಪಾಲಕರು ಮೂರು ಭಾನುವಾರ ಪ್ರಸಂಗದಲ್ಲಿಯೇ ಹೇಳಿದರು. ಹೊಸದಾಗಿ ಬಂದವರು ನಾಲ್ವರು ಮಾತ್ರ. ಹಲವು ಮನೆಗಳಲ್ಲಿ ಕರೆಯೋಲೆಗಳು ಇನ್ನೂ ಬೈಬಲಿನ ನಡುವೆ ಗುರುತಿನ ಚೀಟಿಯಾಗಿ ಕುಳಿತಿವೆ. ನಮ್ಮವರಿಗೆ ನಾಚಿಕೆಯೋ, ವಿಶ್ವಾಸದ ಕೊರತೆಯೋ? ಸದಸ್ಯರನ್ನು ಉತ್ತೇಜಿಸುವುದು ಹೇಗೆ?

ಉತ್ತರ: ತಮ್ಮ ಸಭೆಯವರಿಗೆ ಕರೆಯಲು ಬರುವುದಿಲ್ಲ ಎಂದು ನಾನು ಒಪ್ಪಲಾರೆ. ನಮ್ಮ ಕಡೆ ಮನೆಯಲ್ಲೊಂದು ಮದುವೆ ಗೊತ್ತಾದರೆ ಗಂಡ ಹೆಂಡತಿ ಇಬ್ಬರೂ ಹದಿನೈದು ದಿನ ಊರೂರು ಅಲೆದು, ಲಗ್ನಪತ್ರಿಕೆಯನ್ನು ಕೈಗಿಟ್ಟು, "ಮನೆಮಂದಿಯೆಲ್ಲ ಬರಬೇಕು, ಹಿಂದಿನ ದಿನವೇ ಬರಬೇಕು" ಎಂದು ಹೇಳಿ, ಕೊಟ್ಟ ಚಹಾ ಕುಡಿದೇ ಏಳುತ್ತಾರೆ. ಪತ್ರಿಕೆಯನ್ನು ಬೇರೆಯವರ ಕೈಯಲ್ಲಿ ಕಳುಹಿಸಿದರಂತೂ "ಬಾಯಿಮಾತಿಗೂ ಕರೆಯಲಿಲ್ಲ" ಎಂಬ ದೂರು ವರ್ಷಗಟ್ಟಲೆ ಉಳಿಯುತ್ತದೆ. ಇದೇ ಜನ ಭಾನುವಾರದ ಆರಾಧನೆಯ ಮಾತು ಬಂದಾಗ ಸುಮ್ಮನಾಗುವುದೇಕೆ? ಮದುವೆಗೆ ಕರೆಯುವವನಿಗೆ ಅಲ್ಲಿ ಏನು ನಡೆಯುತ್ತದೆ, ಬಂದವರನ್ನು ಯಾರು ಮಾತನಾಡಿಸುತ್ತಾರೆ, ಊಟಕ್ಕೆ ಯಾರು ಎಬ್ಬಿಸುತ್ತಾರೆ ಎಂಬುದೆಲ್ಲ ಗೊತ್ತಿರುತ್ತದೆ. ಆರಾಧನೆಗೆ ಕರೆದರೆ ಬಂದವರ ಪಾಡೇನು ಎಂಬುದರ ಬಗ್ಗೆ ಅವನಿಗೆ ಖಾತ್ರಿಯಿಲ್ಲ. ತಮ್ಮ ಸಭೆಯ ಹಿಂಜರಿಕೆಗೆ ಮುಖ್ಯ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ವಿಶ್ವಾಸದ ಕೊರತೆಯನ್ನು ಕಟ್ಟಕಡೆಗೆ ಹುಡುಕೋಣ.

ನನ್ನದೇ ಅನುಭವವೊಂದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ನಾನು ಸಭಾಪಾಲನೆಯಲ್ಲಿದ್ದಾಗ, ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾಗಿದ್ದ ನೆರೆಮನೆಯ ಹಿರಿಯರೊಬ್ಬರನ್ನು ನಾನೇ ಕರೆದಿದ್ದೆ. ಇಸ್ತ್ರಿ ಮಾಡಿದ ಪಂಚೆಯುಟ್ಟು ಹೇಳಿದ ಹೊತ್ತಿಗಿಂತ ಕಾಲುಗಂಟೆ ಮೊದಲೇ ಬಂದರು. ನಾನು ನಿಲುವಂಗಿ ಧರಿಸಲು ಒಳಗೆ ಹೋದೆ. ಹೊರಗೆ ಬಂದು ನೋಡಿದರೆ, ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಅವರನ್ನು "ಇದು ನಮ್ಮ ಮನೆಯವರು ಕೂರುವ ಜಾಗ" ಎಂದು ಒಂದು ಕುಟುಂಬ ಎಬ್ಬಿಸುತ್ತಿತ್ತು. ಅವರು ಹಿಂದೆ ಸರಿಯುತ್ತ ಸರಿಯುತ್ತ ಕೊನೆಗೆ ಬಾಗಿಲ ಪಕ್ಕದ ಬೆಂಚಿಗೆ ಹೋಗಿ ಕುಳಿತರು. ನಾನು ಹಾಡಿನ ಸಂಖ್ಯೆ ಹೇಳುತ್ತ "ಕೀರ್ತನೆ ನೂರ ಹನ್ನೆರಡು" ಎಂದೆ. ಪಕ್ಕದವರು ಪ್ರೀತಿಯಿಂದಲೇ ಅವರ ಕೈಗೆ ಬೈಬಲ್ ಕೊಟ್ಟರು. ಸಭೆಯೆಲ್ಲ ಹಾಡಿನ ಪುಸ್ತಕ ನೋಡಿ ಹಾಡುತ್ತಿದ್ದರೆ, ಅವರು ಬೈಬಲಿನ 112ನೆಯ ಕೀರ್ತನೆಯನ್ನು ತೆರೆದು, ಸಾಲುಗಳ ಮೇಲೆ ಬೆರಳಾಡಿಸುತ್ತ, ನಮ್ಮ ಹಾಡು ಎಲ್ಲಿದೆ ಎಂದು ಕೊನೆಯ ಚರಣದವರೆಗೂ ಹುಡುಕಿದರು. ಎರಡಕ್ಕೂ ನಾವು ಕೀರ್ತನೆ ಎಂದೇ ಹೇಳುತ್ತೇವೆ ಎಂಬುದು ಹೊರಗಿನವರಿಗೆ ಹೇಗೆ ತಿಳಿಯಬೇಕು? ಮರುದಿನ ಅವರು ಹೇಳಿದ್ದು ಇಷ್ಟು: "ಚಲೋ ಇತ್ತು ಅಯ್ನೋರೇ, ಆದ್ರೆ ಅದು ನಿಮ್ ಮನಿ ಕಾರ್ಯ ಇದ್ದಂಗಿತ್ತು." ಮತ್ತೆ ಅವರು ಬರಲಿಲ್ಲ, ಮತ್ತೊಮ್ಮೆ ಕರೆಯಲು ನನಗೂ ಮುಖವಿರಲಿಲ್ಲ.

ಬಂಗಾರದ ಉಂಗುರ ತೊಟ್ಟವನಿಗೆ ಒಳ್ಳೆಯ ಜಾಗವನ್ನೂ ಬಡವನಿಗೆ ಕಾಲ ಬುಡವನ್ನೂ ತೋರಿಸುವ ಸಭೆಯನ್ನು ಬೈಬಲಿನ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಗದರಿಸುತ್ತದೆ. ಆದುದರಿಂದ ಸದಸ್ಯರನ್ನು ಉತ್ತೇಜಿಸುವ ಮೊದಲು ಸಭೆ ತನ್ನ ಬಾಗಿಲನ್ನೂ ಬೆಂಚುಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಬಾಗಿಲಲ್ಲಿ ನಿಂತು ವಂದನೆ ಹೇಳಲು ಹಿರಿಯರ ಜೊತೆ ಒಬ್ಬ ಹೆಣ್ಣುಮಗಳೂ ಇರಲಿ. ಹಾಡಿನ ಪುಸ್ತಕದ ಪುಟವನ್ನು ತೆರೆದು ಕೊಡುವವರು ಇರಲಿ. ಯಾವಾಗ ನಿಲ್ಲಬೇಕು, ಯಾವಾಗ ಕೂರಬೇಕು ಎಂದು ಸಭಾಪಾಲಕರು ಪ್ರತಿ ಸಲವೂ ಹೇಳಲಿ. ಕಾಣಿಕೆ ಚೀಲ ಬರುವಾಗ ಅತಿಥಿಗಳು ಹಾಕಲೇಬೇಕೆಂದಿಲ್ಲ ಎಂಬುದನ್ನೂ, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿನಲ್ಲಿ ಕುಳಿತೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂಬುದನ್ನೂ ಕರೆದವರು ಮೊದಲೇ ತಿಳಿಸಿಟ್ಟರೆ, ಬಂದವರು ಆ ಒಂದೂವರೆ ಗಂಟೆಯನ್ನು ಕಸಿವಿಸಿಯಿಲ್ಲದೆ ಕಳೆಯುತ್ತಾರೆ.

ಇನ್ನು ಕರೆಯುವ ವಿಷಯ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಅಂದ್ರೆಯ ಮೊದಲು ಹುಡುಕಿದ್ದು ತನ್ನ ಒಡಹುಟ್ಟಿದ ಸೀಮೋನನನ್ನು. ಯೇಸುವಿನ ಊರಾದ ನಜರೇತಿನಿಂದ ಒಳ್ಳೆಯದು ಬರಲು ಸಾಧ್ಯವೇ ಎಂದು ನತಾನಯೇಲ ಕೊಂಕು ತೆಗೆದಾಗ ಫಿಲಿಪ್ಪ ವಾದಕ್ಕೆ ನಿಲ್ಲದೆ "ಬಂದು ನೋಡು" ಎಂದಷ್ಟೇ ಹೇಳಿದ. ಸಮಾರ್ಯದ ಹೆಂಗಸು ಕೊಡವನ್ನು ಬಾವಿಯ ಬಳಿಯೇ ಬಿಟ್ಟು ಜನರನ್ನು ಕರೆಯಲು ಊರೊಳಗೆ ಓಡಿದಳು. ರೋಮನ್ ಶತಾಧಿಪತಿ ಕೊರ್ನೇಲ್ಯ ತನ್ನ ಬಂಧುಗಳನ್ನೂ ಆಪ್ತಮಿತ್ರರನ್ನೂ ಮನೆಗೆ ಕರೆಸಿಕೊಂಡು ಪೇತ್ರನಿಗಾಗಿ ಕಾದಿದ್ದ. ಇವರೆಲ್ಲ ಕರೆದದ್ದು ಹೆಸರು ಗೊತ್ತಿದ್ದವರನ್ನು, ಎದುರಿಗೆ ನಿಂತು. ಐದುನೂರು ಕರೆಯೋಲೆಗಳಲ್ಲಿ ಒಂದರ ಮೇಲಾದರೂ ಯಾರದಾದರೂ ಹೆಸರಿತ್ತೇ? ತಾವು ಬೇಸರಪಡಬಾರದು, ಇಂಥ ಕರೆಯೋಲೆಗಳನ್ನು ನಾನೂ ಅಚ್ಚು ಹಾಕಿಸಿ ಕೈಸುಟ್ಟುಕೊಂಡವನೇ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಡಯಾಸಿಸ್ಸಿನಲ್ಲಿ (ಧರ್ಮಪ್ರಾಂತ್ಯದಲ್ಲಿ) 2004ರಲ್ಲಿ 'ಮರಳಿ ಸಭೆಗೆ' ಎಂಬ ಅರ್ಥದ ಭಾನುವಾರವೊಂದನ್ನು ಆರಂಭಿಸಿದರು. ಮುಂದೆ ಅದು ಬೇರೆ ದೇಶಗಳಿಗೂ ಹರಡಿತು. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಯನ್ನೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಕರೆಯುತ್ತಿದ್ದರು. ಗಿರಣಿಗಳ ಹೆಸರನ್ನು ಪಡೆದ ನಾವು ಈ ಪಾಠವನ್ನೂ ಪಡೆದರೆ ನಷ್ಟವೇನಿಲ್ಲ. ಒಬ್ಬ ಸದಸ್ಯ ತನಗೆ ಗೊತ್ತಿರುವ ಒಬ್ಬರನ್ನು ಕರೆಯಬೇಕು ಎಂಬುದೇ ಅದರ ತಿರುಳು. ಬಂದವರ ತಲೆ ಎಣಿಸುವುದನ್ನು ಬಿಟ್ಟು ಕರೆದವರನ್ನು ಎಣಿಸಿದರೆ ಸದಸ್ಯರ ಎದೆಯ ಭಾರ ಅರ್ಧ ಇಳಿಯುತ್ತದೆ, ಏಕೆಂದರೆ ಕರೆಯುವುದಷ್ಟೇ ನಮ್ಮ ಕೈಯಲ್ಲಿದೆ. ಲೂಕನ ಸುವಾರ್ತೆಯ ದೊಡ್ಡ ಔತಣದ ಸಾಮ್ಯಕಥೆಯಲ್ಲಿ ಕರೆ ಬಂದವರಲ್ಲಿ ಒಬ್ಬ ಹೊಲ ಕೊಂಡೆನೆಂದ, ಇನ್ನೊಬ್ಬ ಐದು ಜೋಡಿ ಎತ್ತು ಕೊಂಡೆನೆಂದ, ಮತ್ತೊಬ್ಬ ಮದುವೆಯಾದೆನೆಂದ. ಅವರು ಬಾರದೆ ಹೋದುದಕ್ಕೆ ಕರೆಯಲು ಹೋದ ಆಳನ್ನು ಯಜಮಾನ ಬೈಯಲಿಲ್ಲ.

ಮೊದಲ ಕರೆ ಹೊರಗಿನವರಿಗೇ ಹೋಗಬೇಕೆಂದಿಲ್ಲ. ತಮ್ಮ ಕುಟುಂಬಗಳ ದಾಖಲೆಪುಸ್ತಕವನ್ನು ತೆರೆದರೆ, ಕಮಿಟಿ ಚುನಾವಣೆಯ ಜಗಳದಲ್ಲಿ ದೂರವಾದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಬರಲು ಮನಸ್ಸಾಗದ ಅಮ್ಮಂದಿರು, ಕೆಲಸದ ಪಾಳಿಯಿಂದ ಅಭ್ಯಾಸ ತಪ್ಪಿದ ಯುವಕರು ಕಾಣುತ್ತಾರೆ. ಹಿರಿಯರು ಮೊದಲು ಆ ಮನೆಗಳಿಗೆ ಹೋಗಲಿ. ಇಷ್ಟು ದಿನ ಏಕೆ ಬರಲಿಲ್ಲ ಎಂದು ಮಾತ್ರ ಕೇಳಬೇಡಿ. ಹೊರಗಿನವರನ್ನು ಕರೆಯಲು ಸುಗ್ಗಿ ಹಬ್ಬ ಒಳ್ಳೆಯ ಸಂದರ್ಭವೆಂದು ನನಗೆ ತೋರುತ್ತದೆ. ಭದ್ರಾ ನಾಲೆಯ ಬತ್ತವನ್ನೋ ಚನ್ನಗಿರಿಯ ಅಡಿಕೆಯನ್ನೋ ದೇವರ ಮುಂದಿಟ್ಟು ಸ್ತೋತ್ರ ಹೇಳುವುದು ಯಾವ ರೈತನಿಗೂ ವಿವರಿಸದೆಯೇ ಅರ್ಥವಾಗುತ್ತದೆ. ಕಾಣಿಕೆಯಾಗಿ ಬಂದ ಕುಂಬಳಕಾಯಿಯ ಹರಾಜು ಮಾತ್ರ ಆರಾಧನೆಗಿಂತ ಉದ್ದವಾಗದಂತೆ ನೋಡಿಕೊಳ್ಳಿರಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಶಿಕ್ಷಕಿ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ನಮ್ಮ ಆರಾಧನೆ ಹೇಗಿರುತ್ತದೆ ಎಂದು ಎರಡು ಬಾರಿ ಕೇಳಿದ್ದಾಳೆ. ಕರೆದರೆ ಮತಾಂತರದ ಮಾತು ಬಂದೀತೆಂದು ನಮ್ಮ ಮನೆಯವರು ಬೇಡವೆನ್ನುತ್ತಾರೆ. ಏನು ಮಾಡಲಿ?

ಉತ್ತರ: ತಮ್ಮ ಮನೆಯವರ ಆತಂಕ ಹುಸಿಯಲ್ಲ, ಅದನ್ನು ತಳ್ಳಿಹಾಕಬೇಡಿ. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯಿದೆ ಬಲವಂತ, ವಂಚನೆ, ಆಮಿಷ ಮುಂತಾದವುಗಳಿಂದ ಮತಾಂತರ ಮಾಡುವುದನ್ನು ಅಪರಾಧವೆಂದಿತು. ಅದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಕಾಯಿದೆಯ ಮಾತು ಬದಿಗಿಟ್ಟರೂ, ಆಸೆ ತೋರಿಸಿ ಕರೆಯುವುದು ಸುವಾರ್ತೆಗೇ ಅವಮಾನ. ಕೇಳಿದ ಗೆಳತಿಗೆ "ಈ ಭಾನುವಾರ ನನ್ನ ಜೊತೆ ಬಂದು ನೋಡು" ಎನ್ನುವುದರಲ್ಲಿ ಆಸೆಯೂ ಇಲ್ಲ, ಒತ್ತಾಯವೂ ಇಲ್ಲ.

ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚಿ ಹೋಗುವುದನ್ನು ನಮ್ಮ ಸೀಮೆಯ ಜನ ನೋಡುತ್ತಲೇ ಬಂದಿದ್ದಾರೆ. ಕ್ರೈಸ್ತ ದೇವಾಲಯದ ಮೆಟ್ಟಿಲು ತುಳಿಯುವುದು ಇಲ್ಲಿ ಯಾರಿಗೂ ಹೊಸತಲ್ಲ. ಆದರೂ ಕೆಲವು ಮಿತಿಗಳನ್ನು ಪಾಲಿಸಿ. ಕದ್ದುಮುಚ್ಚಿ ಕರೆಯಬೇಡಿ, ಗೆಳತಿಯ ಮನೆಯವರಿಗೂ ತಿಳಿದಿರಲಿ, ಬರುವುದಾದರೆ ಅವರೂ ಬರಲಿ. ಶಾಲೆಯ ಆವರಣದಲ್ಲಿ, ಅದರಲ್ಲಿಯೂ ಮಕ್ಕಳ ಎದುರು, ಈ ಮಾತು ಬೇಡ. ಕಾಯಿಲೆ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ ಎಂಬ ಭರವಸೆಗಳನ್ನು ಕೊಡಬೇಡಿ. ಬರುವುದಿಲ್ಲವೆಂದರೆ ಸೋಮವಾರದ ನಿಮ್ಮ ಗೆಳೆತನ ಶುಕ್ರವಾರದಂತೆಯೇ ಇರಬೇಕು. ಬರುತ್ತೇನೆಂದರೆ ದೇವಾಲಯದ ಬಾಗಿಲಲ್ಲಿ ಸಿಗೋಣವೆಂದು ಹೇಳದೆ ಆಕೆಯ ಮನೆಗೇ ಹೋಗಿ ಜೊತೆಯಾಗಿ ಹೊರಡಿ, ಮಧ್ಯದ ಬೆಂಚಿನಲ್ಲಿ ಪಕ್ಕದಲ್ಲಿಯೇ ಕೂರಿಸಿಕೊಳ್ಳಿ, ಹಾಡಿನ ಪುಸ್ತಕ ಇಬ್ಬರಿಗೂ ಒಂದೇ ಸಾಕು.