ಕಚ್ಚುವ ಮೊದಲು ಬೆಕ್ಕು ಏನು ಹೇಳಿತ್ತು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬೆಕ್ಕಿನ ವರ್ತನೆಯನ್ನು ಕುರಿತವೇ ಹೆಚ್ಚಾಗಿದ್ದುದರಿಂದ, ಅವುಗಳಲ್ಲಿ ಐದನ್ನು ಆಯ್ದು ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮೂರು ವರ್ಷದ ಹೆಣ್ಣು ಬೆಕ್ಕು ತಾನಾಗಿಯೇ ಬಂದು ತೊಡೆಯೇರಿ ಕೂರುತ್ತದೆ. ಬೆನ್ನು ಸವರಿದರೆ ಗುರುಗುಟ್ಟುತ್ತದೆ. ಆದರೆ ಸ್ವಲ್ಪ ಹೊತ್ತಿಗೆಲ್ಲ ಯಾವ ಸೂಚನೆಯನ್ನೂ ಕೊಡದೆ ಕೈಯನ್ನು ಕಚ್ಚಿ ಓಡಿಹೋಗುತ್ತದೆ. ಇಷ್ಟು ಅಕ್ಕರೆಯಿಂದ ಸಾಕಿದರೂ ಹೀಗೇಕೆ?

ಉತ್ತರ: ‘ಯಾವ ಸೂಚನೆಯನ್ನೂ ಕೊಡದೆ’ ಎಂಬ ಒಂದು ಮಾತನ್ನು ಬಿಟ್ಟು ನಿಮ್ಮ ಪತ್ರದ ಉಳಿದದ್ದೆಲ್ಲವನ್ನೂ ಒಪ್ಪಬಹುದು. ಬೆಕ್ಕು ಸೂಚನೆ ಕೊಟ್ಟಿರುತ್ತದೆ. ಆದರೆ ಅದನ್ನು ಬಾಲದಲ್ಲಿ, ಬೆನ್ನಿನ ಚರ್ಮದಲ್ಲಿ, ಕಿವಿಯಲ್ಲಿ ಕೊಟ್ಟಿರುತ್ತದೆ, ಮತ್ತು ಆ ಹೊತ್ತಿಗೆ ನಾವು ಟಿವಿಯನ್ನೋ ಮೊಬೈಲನ್ನೋ ನೋಡುತ್ತಾ ಕೈಯನ್ನು ಮಾತ್ರ ಆಡಿಸುತ್ತಿರುತ್ತೇವೆ. ಮುಂದಿನ ಸಲ ಅದು ತೊಡೆಯ ಮೇಲೆ ಬಂದಾಗ ಬಾಲದ ತುದಿಯನ್ನೇ ಗಮನಿಸಿ. ಅಲ್ಲಿಯವರೆಗೆ ನಿಶ್ಚಲವಾಗಿದ್ದ ತುದಿ ಇದ್ದಕ್ಕಿದ್ದಂತೆ ಒಮ್ಮೆ ಮಿಡಿಯುತ್ತದೆ, ಸ್ವಲ್ಪ ತಡೆದು ಮತ್ತೊಮ್ಮೆ ಮಿಡಿಯುತ್ತದೆ. ನಿಮ್ಮ ಅಂಗೈ ಸಾಗಿದ ಜಾಗದಲ್ಲಿ ಬೆನ್ನಿನ ಚರ್ಮವು, ನೊಣ ಕೂತಾಗ ಹಸುವಿನ ಮೈ ಅದುರುವ ಹಾಗೆ, ಕ್ಷಣಕಾಲ ಅದುರುತ್ತದೆ. ಗುರುಗುಟ್ಟುವ ಸದ್ದು ನಿಲ್ಲುತ್ತದೆ, ಮುಂದಕ್ಕೆ ನಿಂತಿದ್ದ ಕಿವಿಗಳು ಪಕ್ಕಕ್ಕೆ ಹೊರಳುತ್ತವೆ, ಕೊನೆಗೆ ತಲೆ ನಿಮ್ಮ ಕೈಯ ಕಡೆಗೆ ತಿರುಗುತ್ತದೆ. ಸಾಮಾನ್ಯವಾಗಿ, ಇಷ್ಟಾದರೂ ಕೈ ನಿಲ್ಲದಿದ್ದಾಗಲೇ ಹಲ್ಲು ತಾಗುವುದು.

ಹಾಗಾಗಿ ಇದನ್ನು ಕೃತಘ್ನತೆ ಎಂದು ಕರೆಯುವುದು ಅನ್ಯಾಯವಾದೀತು. ಮೈ ಸವರಿಸಿಕೊಳ್ಳುವುದು ಬೆಕ್ಕಿಗೆ ಒಂದು ಮಿತಿಯವರೆಗೆ ಹಿತ, ಮಿತಿ ಮೀರಿದರೆ ಕಿರಿಕಿರಿ. ಆ ಮಿತಿ ಒಂದೊಂದು ಬೆಕ್ಕಿಗೆ ಒಂದೊಂದು ಬಗೆ. ಮೂರು ನಾಲ್ಕು ಬಾರಿ ಸವರಿ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದು ತಲೆಯನ್ನು ಮುಂದೆ ಚಾಚಿ ಕೈಗೆ ಒತ್ತಿದರೆ ಮುಂದುವರಿಸಬಹುದು, ಸುಮ್ಮನಿದ್ದರೆ ಸಾಕೆಂದೇ ತಿಳಿಯಬೇಕು. ಕೆನ್ನೆ, ಗಲ್ಲದ ಕೆಳಭಾಗ, ಕಿವಿಗಳ ಬುಡ ಇವು ಬಹುತೇಕ ಬೆಕ್ಕುಗಳಿಗೆ ಇಷ್ಟವಾದ ಜಾಗಗಳು. ಬಾಲದ ಬುಡ ಮತ್ತು ಹೊಟ್ಟೆ ಅಷ್ಟಾಗಿ ಅಲ್ಲ. ಬೆಕ್ಕು ಮಗ್ಗುಲಾಗಿ ಹೊಟ್ಟೆ ತೋರಿಸಿದರೆ ನಿಮ್ಮ ಮೇಲೆ ನಂಬಿಕೆ ಇದೆ ಎಂದರ್ಥವೇ ಹೊರತು, ಮುಟ್ಟಿ ಎಂದು ಕರೆದಂತಲ್ಲ. ಕಚ್ಚಿದಾಗ ಕೈಯನ್ನು ಥಟ್ಟನೆ ಎಳೆದುಕೊಂಡರೆ ಅದು ಓಡುವ ಬೇಟೆಯಂತೆ ಕಂಡು ಹಿಡಿತ ಇನ್ನೂ ಬಿಗಿಯಾಗುವುದುಂಟು, ಆದ್ದರಿಂದ ಕೈಯನ್ನು ಅಲುಗಿಸದೆ ತಡೆದಿರಿ. ಬೆಕ್ಕಿನ ಹಲ್ಲು ಸಣ್ಣದಾದರೂ ಆಳಕ್ಕೆ ಇಳಿಯುವುದರಿಂದ, ಚರ್ಮ ಸೀಳಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಬೆಕ್ಕು ಗುರುಗುಟ್ಟುತ್ತಿದ್ದರೆ ಅದು ಸಂತೋಷವಾಗಿದೆ ಎಂದೇ ಭಾವಿಸಬಹುದೇ?

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ಹೌದು, ಆದರೆ ಯಾವಾಗಲೂ ಅಲ್ಲ. ಸುಮಾರು 25ರಿಂದ 150 ಹರ್ಟ್ಸ್ ಕಂಪನಾಂಕದ ಆ ಸದ್ದನ್ನು ನೋವಿನಲ್ಲಿರುವ ಬೆಕ್ಕು, ಮರಿ ಹಾಕುತ್ತಿರುವ ಬೆಕ್ಕು, ಪಶುವೈದ್ಯರ ಮೇಜಿನ ಮೇಲೆ ಹೆದರಿ ಕುಳಿತ ಬೆಕ್ಕು ಕೂಡ ಹೊರಡಿಸುತ್ತವೆ. ಊಟಕ್ಕಾಗಿ ಪೀಡಿಸುವ ಗುರುಗುಟ್ಟುವಿಕೆಯೇ ಬೇರೆ. ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕ್‌ಕೋಂಬ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಹಾರ ಕೇಳುವಾಗಿನ ಗುರುಗುಟ್ಟುವಿಕೆಯೊಳಗೆ ಅಳುವಿನಂತಹ ಒಂದು ಏರು ಸ್ವರ ಸೇರಿರುತ್ತದೆ, ಮತ್ತು ಬೆಕ್ಕನ್ನು ಎಂದೂ ಸಾಕದವರಿಗೂ ಅದರಲ್ಲಿನ ಅವಸರ ಕೇಳಿಸುತ್ತದೆ. ಬೆಳಗಿನ ಜಾವ ಕಿವಿಯ ಬಳಿ ಬಂದು ಕೂರುವ ಬೆಕ್ಕನ್ನು ಅಲಕ್ಷಿಸಿ ಮಲಗುವುದು ಅಷ್ಟು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಮೈ ಸಡಿಲವಾಗಿದ್ದು ಮುಂಗಾಲುಗಳಿಂದ ಹಿಟ್ಟು ನಾದಿದಂತೆ ಒತ್ತುತ್ತಾ ಗುರುಗುಟ್ಟಿದರೆ ನಿಶ್ಚಿಂತೆಯಿಂದಿರಿ. ಅದು ಹಾಲು ಕುಡಿಯುವಾಗ ತಾಯಿಯ ಮೊಲೆಯನ್ನು ಒತ್ತುತ್ತಿದ್ದ ಮರಿಗಾಲದ ಅಭ್ಯಾಸ. ಮೂಲೆಯಲ್ಲಿ ಮುದುಡಿ ಕುಳಿತು, ಊಟ ಬಿಟ್ಟು ಗುರುಗುಟ್ಟುತ್ತಿದ್ದರೆ ಆ ಸದ್ದನ್ನು ನಂಬಬೇಡಿ.

ಪ್ರಶ್ನೆ: ನಾನು ಕೋಣೆಗೆ ಬಂದರೆ ನಮ್ಮ ಬೆಕ್ಕು ಏಳುವುದೂ ಇಲ್ಲ. ದೂರದಲ್ಲೇ ಕುಳಿತು ಕಣ್ಣನ್ನು ಅರೆ ಮುಚ್ಚಿ ನೋಡಿ ಸುಮ್ಮನಾಗುತ್ತದೆ. ಇದು ತಾತ್ಸಾರವೇ?

ಉತ್ತರ: ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಬ ಗಾದೆಯಿಂದಾಗಿ ಅದರ ಮುಚ್ಚಿದ ಕಣ್ಣಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ವಾಸ್ತವದಲ್ಲಿ, ಅಪಾಯವಿದೆ ಎಂದು ಅನುಮಾನಿಸುವ ಬೆಕ್ಕು ಎದುರಿನವರ ಮೇಲಿಂದ ಕಣ್ಣು ಕೀಳುವುದಿಲ್ಲ. ನಿಮ್ಮೆದುರು ನಿಧಾನವಾಗಿ ರೆಪ್ಪೆ ಇಳಿಸುವ ಬೆಕ್ಕು ನಿಮ್ಮನ್ನು ಕಾಯುವ ಅಗತ್ಯವಿಲ್ಲವೆಂದು ತೀರ್ಮಾನಿಸಿರುತ್ತದೆ. ಮೇಲೆ ಹೇಳಿದ ವಿಶ್ವವಿದ್ಯಾಲಯದ ಸಂಶೋಧಕರೇ 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಕಿದವರು ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಹೆಚ್ಚಾಗಿ ಕಣ್ಣು ಕಿರಿದಾಗಿಸಿದವು. ಅಪರಿಚಿತರು ಹಾಗೆ ಮಾಡಿ ಕೈ ಚಾಚಿದಾಗ, ನಿರ್ವಿಕಾರ ಮುಖದಿಂದ ಚಾಚಿದಾಗಿಗಿಂತ ಹೆಚ್ಚಾಗಿ ಹತ್ತಿರ ಬಂದವು. ನೀವೂ ಪ್ರಯತ್ನಿಸಿ ನೋಡಬಹುದು: ಕೆಲವು ಹೆಜ್ಜೆ ದೂರದಲ್ಲಿ ಕುಳಿತು, ನಿದ್ದೆ ಬಂದವರಂತೆ ಕಣ್ಣನ್ನು ಅರೆ ಮುಚ್ಚಿ, ಎರಡು ಕ್ಷಣ ಪೂರ್ತಿ ಮುಚ್ಚಿ, ನಿಧಾನವಾಗಿ ತೆರೆಯಿರಿ. ದಿಟ್ಟಿಸಿ ನೋಡಬಾರದು, ಬೆಕ್ಕುಗಳ ನಡುವೆ ನೆಟ್ಟ ನೋಟ ಬೆದರಿಕೆಯ ಲಕ್ಷಣ.

ಪ್ರಶ್ನೆ: ಬೆಕ್ಕು ಬಾಲ ಬೀಸಿದರೆ ನಾಯಿಯಂತೆಯೇ ಖುಷಿ ಎಂದರ್ಥವೇ?

ಉತ್ತರ: ಅಲ್ಲ. ಅತ್ತಿಂದಿತ್ತ ಬಿರುಸಾಗಿ ಬೀಸುವ ಬಾಲ ಸಿಟ್ಟಿನ ಅಥವಾ ಅಸಹನೆಯ ಗುರುತು. ಕೋಲಿನಂತೆ ನೆಟ್ಟಗೆ ನಿಂತು, ತುದಿ ಕೊಕ್ಕೆಯಾಗಿ ಬಾಗಿದ್ದರೆ ಅದು ಸ್ನೇಹದಿಂದ ಬರುತ್ತಿದೆ. ಆಮೇಲೆ ಕೆನ್ನೆಯನ್ನೋ ಮೈಯನ್ನೋ ನಿಮ್ಮ ಕಾಲಿಗೆ ಉಜ್ಜಿದರೆ, ಕೆನ್ನೆ, ಹಣೆ ಮತ್ತು ಬಾಲದ ಬುಡದಲ್ಲಿರುವ ಗ್ರಂಥಿಗಳ ವಾಸನೆಯನ್ನು ನಿಮಗೆ ಅಂಟಿಸಿ, ನಿಮ್ಮನ್ನು ತನ್ನವರ ಲೆಕ್ಕಕ್ಕೆ ಸೇರಿಸಿಕೊಂಡಿತೆಂದು ತಿಳಿಯಿರಿ.

ಪ್ರಶ್ನೆ: ಎರಡು ದಿನ ಊರಿಗೆ ಹೋಗಿ ಬಂದ ಮೇಲೆ ನಮ್ಮ ಗಂಡು ಬೆಕ್ಕು ಲಿಟರ್ ಬಾಕ್ಸ್ ಬಿಟ್ಟು ನನ್ನ ಹಾಸಿಗೆಯ ಮೇಲೆ ಮೂತ್ರ ಮಾಡುತ್ತಿದೆ. ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆಯೇ?

ಉತ್ತರ: ಸೇಡು ಎಂಬುದು ನಾವು ಕಟ್ಟಿಕೊಂಡ ಕಥೆ. ದಿನಚರಿ ಏರುಪೇರಾದಾಗ ಗಾಬರಿಗೊಂಡ ಬೆಕ್ಕು, ನಿಮ್ಮ ವಾಸನೆ ಗಾಢವಾಗಿರುವ ಜಾಗದಲ್ಲಿ ತನ್ನ ವಾಸನೆಯನ್ನೂ ಸೇರಿಸಿ ನೆಮ್ಮದಿ ಹುಡುಕುತ್ತಿರಬಹುದು; ಲಿಟರ್ ಬಾಕ್ಸ್ ಕೊಳೆಯಾಗಿದ್ದರೂ ಹೀಗೆ ಮಾಡುವುದುಂಟು. ಬೈದರೆ ಗಾಬರಿ ಹೆಚ್ಚುತ್ತದೆ, ಅಷ್ಟೆ. ಆದರೆ ಇವೆರಡಕ್ಕೂ ಮೊದಲು ನೋಡಬೇಕಾದುದು ಕಾಯಿಲೆಯನ್ನು. ಅದು ಮತ್ತೆ ಮತ್ತೆ ಕುಕ್ಕರಿಸಿ ಕೂರುತ್ತಿದೆಯೇ, ತಿಣುಕುತ್ತಿದೆಯೇ, ಬಂದರೂ ಹನಿ ಮಾತ್ರ ಬರುತ್ತಿದೆಯೇ, ಹಿಂಭಾಗವನ್ನು ಪದೇ ಪದೇ ನೆಕ್ಕಿಕೊಳ್ಳುತ್ತಿದೆಯೇ ಎಂಬುದನ್ನು ಇವತ್ತೇ ಗಮನಿಸಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾದ್ದರಿಂದ ಸುಲಭವಾಗಿ ಕಟ್ಟಿಕೊಳ್ಳುತ್ತದೆ, ಮತ್ತು ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಅಪಾಯವಿದೆ. ಈ ಲಕ್ಷಣಗಳಲ್ಲಿ ಒಂದು ಕಂಡರೂ ಹಾಸಿಗೆ ಒಗೆಯುವುದನ್ನು ಆಮೇಲೆ ನೋಡಿಕೊಂಡು, ರಾತ್ರಿಯಾದರೂ ಸರಿ, ಬೆಕ್ಕನ್ನು ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.