ಮಳೆಗಾಲದಲ್ಲಿ ಜಟೆ ಒಣಗದಿದ್ದರೆ

ತಲೆ ಬಾಚದೆ ಬಿಟ್ಟು 3 ತಿಂಗಳಾಯ್ತು, ಡ್ರೆಡ್‌ಲಾಕ್ಸ್, ಅಂದರೆ ಕೂದಲು ಗಂಟುಗಟ್ಟಿ ಆಗುವ ಜಟೆ, ಕಟ್ಟುತ್ತಿದೆ, ಆದರೆ ಮಲ್ಪೆಯಲ್ಲಿ ಮಳೆ ಹಿಡಿದ ಮೇಲೆ ಹಸಿ ವಾಸನೆ, ತಲೆಸ್ನಾನ ನಿಲ್ಲಿಸಲೇ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ ಮಾರಾಯ್ರೆ! ತೊಳೆದ ಕೂದಲೇ ಚೆನ್ನಾಗಿ ಗಂಟು ಕಟ್ಟುವುದು. ಜಿಡ್ಡಿದ್ದರೆ ಎಳೆ ಜಾರುತ್ತದೆ. ಹಾಗಾಗಿ ಮನೆಯಲ್ಲಿ ಎಷ್ಟೇ ಹೇಳಲಿ, ಸದ್ಯಕ್ಕೆ ತೆಂಗಿನೆಣ್ಣೆ ಬೇಡ. ಕಂಡೀಷನರ್, ಮೇಣವೂ ಬೇಡ.

ವಾರಕ್ಕೊಮ್ಮೆ ಬೆಳಿಗ್ಗೆಯೇ ತೊಳೆಯಿರಿ. ನೊರೆ ಪೂರ್ತಿ ಹೋಗುವವರೆಗೆ ನೀರು ಹೊಯ್ದು, ಒಂದೊಂದೇ ಜಟೆಯನ್ನು ಬೈರಾಸಿನಲ್ಲಿ ಒತ್ತಿ ಹಿಂಡಿ, ಫ್ಯಾನಿನಡಿ ಕೂತುಕೊಳ್ಳಿ. ಹೊರಗೆ ಒಣಗಿದಂತೆ ಕಂಡರೂ ನಡುವೆ ಬೆರಳಲ್ಲಿ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ಒದ್ದೆ. ನಾನು ಜಟೆ ಬಿಟ್ಟ ಮೊದಲ ವರ್ಷದ ಆಟಿ ತಿಂಗಳ ಮಳೆಯಲ್ಲಿ ಒದ್ದೆ ತಲೆಗೇ ಹೆಲ್ಮೆಟ್ ಹಾಕಿ ಓಡಾಡಿದೆ. ದಪ್ಪಗಿದ್ದ ಎರಡು ಜಟೆಯೊಳಗೆ ಬೂಸ್ಟು ಹಿಡಿದು ಕತ್ತರಿಸಬೇಕಾಯ್ತು, ಆ ಬೇಸರ ಈಗಲೂ ಇದೆ.

ಬುಡದಲ್ಲಿ ಪಕ್ಕದ ಜಟೆಗಳು ಕೂಡಿಕೊಂಡಿದ್ದರೆ ತೊಳೆದ ದಿನವೇ ಬೆರಳಿನಿಂದ ಬಿಡಿಸಿ. ಉಪ್ಪುನೀರು ಗಂಟಿಗೆ ಒಳ್ಳೆಯದೇ, ಆದರೆ ಈ ಮಳೆಯಲ್ಲಿ ಕಡಲಿಗಿಳಿಯಬೇಡಿ. ಮುಂದೆ ಮಿಂದು ಬಂದಾಗಲೂ ಬಾವಿ ನೀರಲ್ಲಿ ತೊಳೆದುಬಿಡಿ. ನೇರ ಕೂದಲಾದರೆ ಗಟ್ಟಿಯಾಗಲು ವರ್ಷದ ಮೇಲೇ ಬೇಕು. ಆತುರಕ್ಕೆ ಬಿಗಿಯಾಗಿ ತಿರುಚಿದರೆ ಬುಡವೇ ಸೋತು ಉದುರುತ್ತದೆ.